ಭಯಾಭಯ ವಿವೇಕ

ಭಗವದ್ಗೀತೆಯ ಹದಿನಾರನೆಯ ಅಧ್ಯಾಯವು ದೈವೀ ಸಂಪತ್ತನ್ನು ಎಣಿಸುವಾಗ ಎಲ್ಲಕ್ಕಿಂತ ಮೊದಲು ಹೆಸರಿಸುವುದು ಅಭಯವನ್ನು. ಅದೇ ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಸಾತ್ತ್ವಿಕ ಬುದ್ಧಿಯ ಲಕ್ಷಣವನ್ನು ಹೇಳುವಲ್ಲಿ ಭಯ, ಅಭಯ ಎರಡನ್ನೂ ಬಲ್ಲ ಬುದ್ಧಿಯೇ ಸಾತ್ತ್ವಿಕವೆಂದಿದೆ. ಮೊದಲನೆಯ ಸ್ಥಳವನ್ನಷ್ಟೇ ಓದಿದವನು ಭಯವೆಂಬುದೇ ದೋಷವೆಂದು ತಿಳಿದಾನು. ಎರಡನೆಯದನ್ನೂ ಓದಿದವನಿಗೆ ಹೆದರಬೇಕಾದುದಕ್ಕೆ ಹೆದರದಿರುವುದೂ ಬುದ್ಧಿಯ ಕೊರತೆಯೇ ಎಂದು ತೋರುತ್ತದೆ. ಈ ಎರಡು ಸ್ಥಳಗಳನ್ನು ನಾವು ಎಷ್ಟು ಬಾರಿ ಪಾರಾಯಣ ಮಾಡಿರುವೆವೋ ಲೆಕ್ಕವಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಪ್ರಸಂಗ ಒದಗಿದ್ದು 2020ನೆಯ ಇಸವಿಯ ವಸಂತದಲ್ಲಿ, ಭಾಂಡುಪ್‌ನ ನಮ್ಮ ಮೂರನೆಯ ಮಹಡಿಯ ಮನೆಯ ಬಾಗಿಲನ್ನು ಭದ್ರಪಡಿಸಿಕೊಂಡು ಕುಳಿತಾಗ. ಮುಗಿದುಹೋದ ಆ ಮಾತು ಈಗೇಕೆ ಎಂದು ವಾಚಕರು ಕೇಳಬಹುದು. ರೋಗದ ಆರ್ಭಟ ಮುಗಿಯಿತು, ನಿಜ. ಆಗ ನಮ್ಮೊಳಗೆ ಎದ್ದ ಒಂದು ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲವಾದ್ದರಿಂದ ಈ ಬರಹ.

ಭಾಂಡುಪ್ ಮುಂಬಯಿಯ ಉಪನಗರಗಳಲ್ಲಿ ದೊಡ್ಡ ಹೆಸರಿನ ಸ್ಥಳವೇನಲ್ಲ. ಪಶ್ಚಿಮಕ್ಕೆ ರಾಷ್ಟ್ರೀಯ ಉದ್ಯಾನದ ಗುಡ್ಡಗಳು, ಪೂರ್ವಕ್ಕೆ ಠಾಣೆಯ ಖಾರಿ, ನಡುವೆ ಮಧ್ಯ ರೈಲ್ವೆಯ ಹಳಿಗಳು. ಆದರೆ ರೈಲ್ವೆಯ ಅನ್ನ ಉಂಡ ನಮ್ಮಂಥವರಿಗೆ ಇದು ಒಂದು ಕ್ಷೇತ್ರವೇ ಸರಿ. ಮುಂಬಯಿ ಸರಕಾರದ ಮುಖ್ಯ ಇಂಜಿನಿಯರಾಗಿದ್ದ ಜಾರ್ಜ್ ಕ್ಲಾರ್ಕ್ ಎಂಬವರು 1843ರಲ್ಲಿ ಭಾಂಡುಪ್‌ಗೆ ಬಂದಿದ್ದಾಗಲೇ ಮುಂಬಯಿಯನ್ನು ಠಾಣೆ, ಕಲ್ಯಾಣಗಳೊಡನೆ ರೈಲಿನಿಂದ ಜೋಡಿಸುವ ಆಲೋಚನೆ ಅವರಿಗೆ ಹೊಳೆಯಿತೆಂದು ರೈಲ್ವೆಯ ಇತಿಹಾಸ ಹೇಳುತ್ತದೆ. ಹತ್ತು ವರ್ಷಗಳ ತರುವಾಯ, 1853ರ ಏಪ್ರಿಲ್ 16ರಂದು, ದೇಶದ ಮೊದಲ ಪ್ರಯಾಣಿಕರ ಗಾಡಿ ಬೋರಿಬಂದರಿನಿಂದ ಠಾಣೆಗೆ ಹೋದದ್ದು ಇದೇ ಮಾರ್ಗವಾಗಿ. 2020ರ ಮಾರ್ಚ್ 22ರ ಮಧ್ಯರಾತ್ರಿ ಲೋಕಲ್ ಗಾಡಿಗಳು ನಿಂತವು. 25ರಿಂದ ದೇಶಕ್ಕೆ ದೇಶವೇ ಕದ ಹಾಕಿಕೊಂಡಿತು. ಆ ವರ್ಷದ ಏಪ್ರಿಲ್ 16ರ ಮಧ್ಯಾಹ್ನ ನಾವು ಕಿಟಕಿಯ ಬಳಿ ನಿಂತು ಬಹಳ ಹೊತ್ತು ಕಿವಿಗೊಟ್ಟೆವು. ಕಾಗೆ ಕೋಗಿಲೆಗಳ ಸದ್ದಲ್ಲದೆ ಬೇರೊಂದಿರಲಿಲ್ಲ. ನಮ್ಮ ಮನೆಯಲ್ಲಿ ಸಂಧ್ಯಾವಂದನೆಗೆ ಏಳುವುದೂ ಹಾಲು ಕಾಯಿಸುವುದೂ ಗಡಿಯಾರ ನೋಡಿ ಅಲ್ಲ, ಗಾಡಿಗಳ ಸದ್ದು ಕೇಳಿ. ಆ ಸದ್ದು ನಿಂತಮೇಲೆ ಒಂದು ವಾರ ನಮಗೆ ಬೆಳಗಿನ ನಾಲ್ಕು ಗಂಟೆ ಯಾವುದು, ಐದು ಯಾವುದು ಎಂಬುದೇ ತಿಳಿಯದಂತಾಗಿತ್ತು.

ಮೂರು ದಶಕಗಳಿಗೂ ಮಿಕ್ಕಿ ಗಾಡಿಗಳ ಓಡಾಟದ ವ್ಯವಸ್ಥೆಯಲ್ಲಿ ದುಡಿದವರು ನಾವು. ಅಪಾಯವೆಂಬುದು ನಮಗೆ ನಿತ್ಯವ್ಯವಹಾರದ ವಿಷಯ. ರೈಲ್ವೆಯ ಸಿಗ್ನಲ್ ವ್ಯವಸ್ಥೆಯ ಮೂಲತತ್ತ್ವ ಇಷ್ಟೇ: ಏನಾದರೂ ಕೆಟ್ಟರೆ ಅದು ಕೆಂಪಿನ ಕಡೆಗೆ ಕೆಡಬೇಕು, ಹಸಿರಿನ ಕಡೆಗಲ್ಲ. ಲೋಕಲ್ ಗಾಡಿಯ ಮೋಟರ್‌ಮನ್ ಹಿಡಿದಿರುವ ಹಿಡಿಕೆಯಿಂದ ಕೈ ಸಡಿಲಿದರೆ ಗಾಡಿ ತಾನಾಗಿ ನಿಲ್ಲುತ್ತದೆ. ಮನುಷ್ಯನು ಮೈಮರೆಯುತ್ತಾನೆ, ಪ್ರಜ್ಞೆ ತಪ್ಪುತ್ತಾನೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಅದು. ಆದುದರಿಂದ ಊರಿಗೆ ಊರೇ ಕೆಂಪು ದೀಪ ಹಾಕಿದಾಗ ನಮಗೆ ಅದು ವಿಚಿತ್ರವೆನಿಸಲಿಲ್ಲ. ಸಂಶಯವಿದ್ದಲ್ಲಿ ಗಾಡಿಯನ್ನು ನಿಲ್ಲಿಸಿ ಆಮೇಲೆ ವಿಚಾರಿಸುವುದು ನಮ್ಮ ವೃತ್ತಿಧರ್ಮ.

ವಿಚಿತ್ರವೆನಿಸಿದ್ದು ಬೇರೆ. ಇದೇ ನಗರದ ಲೋಕಲ್ ಹಳಿಗಳ ಮೇಲೆ, ರೋಗಕ್ಕೆ ಮುಂಚಿನ ಒಂದೊಂದು ವರ್ಷವೂ ಎರಡು ಸಾವಿರಕ್ಕೂ ಹೆಚ್ಚು ಜನ ಹಳಿ ದಾಟುವಾಗಲೋ ಬಾಗಿಲಲ್ಲಿ ನೇತಾಡಿ ಬಿದ್ದೋ ಪ್ರಾಣ ಬಿಡುತ್ತಿದ್ದರು. ಆ ಅಂಕಿಗಳು ಕಚೇರಿಯ ಮೇಜಿನ ಮೇಲೆ ಬರುತ್ತಿದ್ದವು, ನಾವು ಓದಿ ರುಜು ಹಾಕುತ್ತಿದ್ದೆವು. ಬೆಳಗಿನ ಎಂಟೂವರೆಯ ಗಾಡಿಗೆ ಒಂದು ಕಾಲಿನ ಮೇಲೆ ನೇತುಹಾಕಿಕೊಂಡು ಹೋಗುತ್ತಿದ್ದ ನಮ್ಮ ಕಟ್ಟಡದ ಯುವಕನೊಬ್ಬ ಈಗ ತರಕಾರಿಯನ್ನು ಮೂರು ಬಾರಿ ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದ. ಅವನನ್ನು ಹಾಸ್ಯಮಾಡುವ ಹಕ್ಕು ನಮಗಿರಲಿಲ್ಲ. ಬಹುಕಾಲದಿಂದ ಬಲ್ಲ ಅಪಾಯಕ್ಕೆ ಮನಸ್ಸು ಹೆದರುವುದನ್ನು ಬಿಡುತ್ತದೆ, ಹೊಸದಕ್ಕೆ ಬೆಚ್ಚುತ್ತದೆ. ಅಭ್ಯಾಸದಿಂದ ಭಯ ಕುಗ್ಗುತ್ತದೆಯೇ ಹೊರತು ಅಪಾಯ ಕುಗ್ಗುವುದಿಲ್ಲ.

ಕಾಲಕ್ಷೇಪಕ್ಕೆ ನಮಗೆ ಕೊರತೆಯಿರಲಿಲ್ಲ. ಹೊರದೇಶದಲ್ಲಿರುವ ಮೊಮ್ಮಗನಿಗೆ ದೂರವಾಣಿಯಲ್ಲಿ ರಾಮಶಬ್ದವನ್ನು ಹೇಳಿಕೊಟ್ಟೆವು. ಅವನು ದ್ವಿವಚನವೆಂದರೆ ನಗುತ್ತಿದ್ದ, ಇಬ್ಬರಿಗಾಗಿ ಬೇರೊಂದು ರೂಪವೇಕೆಂದು. ಮಾರ್ಚ್ 28ರಿಂದ ದೂರದರ್ಶನದಲ್ಲಿ ರಾಮಾಯಣವನ್ನು ಮತ್ತೆ ತೋರಿಸಲಾರಂಭಿಸಿದರು. ಬೆಳಿಗ್ಗೆ ಒಂಬತ್ತಕ್ಕೆ ಇಡೀ ಕಟ್ಟಡದ ಎಲ್ಲ ಮಹಡಿಗಳಿಂದಲೂ ಒಂದೇ ರಾಗ. ಹಳೆಯ ಪಂಚಾಂಗಗಳನ್ನು ಜೋಡಿಸಿಟ್ಟೆವು. ಇವೆಲ್ಲ ಒಂದು ತೂಕವಾದರೆ ಚೌಕಾಬಾರ ಒಂದು ತೂಕ. ನಮ್ಮ ಗೃಹಿಣಿ ತವರಿನಿಂದ ತಂದ ಕವಡೆಗಳು ದೇವರ ಮನೆಯ ಡಬ್ಬಿಯೊಂದರಲ್ಲಿ ನಲವತ್ತು ವರ್ಷಗಳಿಂದ ನಿದ್ರಿಸುತ್ತಿದ್ದವು. ಆಕೆ ಅವನ್ನು ತೊಳೆದು, ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದಳು.

ಆಟದಲ್ಲಿ ಮನುಷ್ಯನ ಸ್ವಭಾವ ಹೊರಬೀಳುವುದೆಂಬ ಮಾತನ್ನು ನಾವು ನಂಬಿದ್ದೆವು. ನಾಲ್ಕು ಕವಡೆ, ಎಲ್ಲವೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಎಲ್ಲವೂ ಬೋರಲಾದರೆ ಬಾರ. ಗೀಟು ಹಾಕಿದ ಕಟ್ಟೆಮನೆಯಲ್ಲಿರುವ ಕಾಯಿಯನ್ನು ಯಾರೂ ಕಡಿಯಲಾರರು. ಆಕೆ ತನ್ನ ಕಾಯಿಗಳನ್ನು ಕಟ್ಟೆಯಿಂದ ಕಟ್ಟೆಗೇ ನಡೆಸುತ್ತಿದ್ದಳು. ಬೇಕಾದ ಸಂಖ್ಯೆ ಬೀಳುವವರೆಗೆ ಅಲುಗಾಡುತ್ತಿರಲಿಲ್ಲ. ನಾವಾದರೋ ಕಾಯಿಯನ್ನು ಬಯಲಿಗೆ ಬಿಟ್ಟು, ಎದುರಿನ ಕಾಯಿಯನ್ನು ಕಡಿಯುವ ಆಸೆಗೆ ನಮ್ಮದನ್ನೇ ಕಡಿಸಿಕೊಳ್ಳುತ್ತಿದ್ದೆವು. “ನಿಮಗೆ ಭಯವೇ ಇಲ್ಲ” ಎಂದು ಆಕೆ ಹೇಳಿದಾಗ ಒಳಗೊಳಗೇ ಹಿಗ್ಗುತ್ತಿದ್ದೆವು. ಆ ಹಿಗ್ಗನ್ನು ವಾಚಕರು ನೆನಪಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಹಾಲಿನವನು ಮೆಟ್ಟಿಲು ಹತ್ತಿ ಬಾರದಿರಲೆಂದು ನಾವು ಬಾಲ್ಕನಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಡುತ್ತಿದ್ದೆವು. ಇದು ಅವನ ಹಿತಕ್ಕೂ ಆಯಿತೆಂದು ನಮ್ಮ ವಾದ. ಒಂದು ಬೆಳಿಗ್ಗೆ ಅವನು ಮೇಲೆ ನೋಡಿ, ತಾನು ಈ ಬೀದಿಯಲ್ಲಿ ಅರುವತ್ತು ಮನೆಗಳಿಗೆ ಹಾಲು ಕೊಡುವೆನೆಂದೂ ತನಗೆ ಹಗ್ಗ ಇಳಿಬಿಡುವವರು ಯಾರೆಂದೂ ನಗುತ್ತಲೇ ಮರಾಠಿಯಲ್ಲಿ ಕೇಳಿದ. ಉತ್ತರ ಹೇಳಲು ತೋಚದೆ ಚೀಲವನ್ನು ಮೇಲಕ್ಕೆಳೆದುಕೊಂಡೆವು. ಜೂನ್ 15ರಿಂದ ಅತ್ಯಾವಶ್ಯಕ ಸೇವೆಯವರಿಗೆಂದು ಕೆಲವು ಲೋಕಲ್ ಗಾಡಿಗಳು ಮತ್ತೆ ಓಡಿದವು. ದಾದಿಯರು, ಪೌರಕಾರ್ಮಿಕರು, ಆಸ್ಪತ್ರೆಯ ಅಡುಗೆಯವರು ಅವುಗಳಲ್ಲಿ ಹೋದರು. ಆಗ ಎಲ್ಲರ ಬಾಯಲ್ಲೂ ಇದ್ದ ಮಾತು 'ಅತ್ಯಾವಶ್ಯಕ' ಎಂಬುದು.

ಆ ಮಾತನ್ನು ಕೇಳಿದಾಗಲೆಲ್ಲ ನಮಗೆ ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ನೆನಪಾಗುತ್ತಿತ್ತು. ಕುರುದೇಶದಲ್ಲಿ ಬೆಳೆ ಹಾಳಾಗಿ ಕ್ಷಾಮ ಬಿದ್ದಾಗ ಈ ಬ್ರಾಹ್ಮಣನು ಹೆಂಡತಿಯೊಡನೆ ಆನೆಯವರ ಹಳ್ಳಿಯೊಂದರಲ್ಲಿ ದಿನ ಕಳೆಯುತ್ತಿದ್ದ. ಹಸಿವು ತಾಳಲಾರದೆ, ಕಾಳು ತಿನ್ನುತ್ತಿದ್ದ ಒಬ್ಬನ ಬಳಿ ಬೇಡಿದ. ಆತನಲ್ಲಿ ತನ್ನೆದುರಿನ ಎಂಜಲು ಕಾಳಲ್ಲದೆ ಬೇರೆ ಇರಲಿಲ್ಲ. ಉಷಸ್ತಿ ಅದನ್ನೇ ಪಡೆದು ತಿಂದ. ಬಳಿಕ ಅವನು ನೀರನ್ನೂ ನೀಡಿದಾಗ, ಎಂಜಲೆಂದು ಬೇಡವೆಂದ. ಕಾಳು ಎಂಜಲಾಗಿರಲಿಲ್ಲವೇ ಎಂದು ಕೇಳಿದರೆ, ಅದನ್ನು ತಿನ್ನದಿದ್ದರೆ ತಾನು ಬದುಕುತ್ತಿರಲಿಲ್ಲವೆಂದೂ ನೀರು ತನ್ನ ಇಚ್ಛೆಗೆ ಸೇರಿದ್ದೆಂದೂ ಉತ್ತರಿಸಿದ. ಬ್ರಹ್ಮಸೂತ್ರವು ಪ್ರಾಣಾಪಾಯದಲ್ಲಿ ಸರ್ವಾನ್ನಕ್ಕೆ ಅನುಮತಿಯನ್ನು ವಿಚಾರಿಸುವಲ್ಲಿ ಈ ಕಥೆಯೇ ಆಧಾರ. ಮರುದಿನ ಅದೇ ಉಷಸ್ತಿ ರಾಜನ ಯಜ್ಞಶಾಲೆಗೆ ಹೋಗಿ, ಪ್ರಸ್ತಾವಕ್ಕೆ ಅಧಿದೇವತೆ ಪ್ರಾಣನೆಂದು ಋತ್ವಿಜನಿಗೆ ಉಪದೇಶಿಸಿದ. ಎಂಜಲು ಕಾಳಿನಿಂದ ಪ್ರಾಣ ಉಳಿಸಿಕೊಂಡವನಿಗೇ ಆ ಉಪದೇಶದ ಅಧಿಕಾರ ಬಂದದ್ದು ಎಷ್ಟು ಉಚಿತ!

ನಿಯಮವನ್ನು ಮುರಿಯಬೇಕಾದಾಗ ಎಷ್ಟು ಮುರಿಯಬೇಕೋ ಅಷ್ಟನ್ನೇ ಮುರಿಯುವುದು ಉಷಸ್ತಿಯ ವಿವೇಕ. ಕಾಳು ತಿಂದಾಯಿತಲ್ಲ, ಇನ್ನು ನೀರಿಗೇನು ಎಂದು ಅವನು ಹೇಳಲಿಲ್ಲ. ನಮ್ಮ ಕಟ್ಟಡದಲ್ಲಿ ಔಷಧಿಗೆಂದು ಹೊರಗೆ ಹೋದವರು ಬರುವಾಗ ವಡಾಪಾವ್ ಸಿಗುವುದೇ ಎಂದು ಎರಡು ಬೀದಿ ಸುತ್ತಿ ಬರುತ್ತಿದ್ದುದುಂಟು. (ಒಮ್ಮೆ ನಾವೂ ಬಾಳೆಲೆಯ ನೆಪದಲ್ಲಿ ಸ್ಟೇಷನ್ನಿನ ತನಕ ಹೋಗಿ, ಮುಚ್ಚಿದ ಟಿಕೆಟ್ ಕಿಟಕಿಯನ್ನು ನೋಡಿ ಬಂದೆವು. ಅದು ನೀರೇ ಹೊರತು ಕಾಳಲ್ಲ.)

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಪ್ರಯಾಣಿಕರ ಗಾಡಿಗಳು ನಿಂತಿದ್ದವೇ ವಿನಾ ಸರಕಿನ ಗಾಡಿಗಳು ಒಂದು ದಿನವೂ ನಿಲ್ಲಲಿಲ್ಲ. ದೇಶದ ಅಕ್ಕಿ, ಗೋಧಿ, ಕಲ್ಲಿದ್ದಲುಗಳೆಲ್ಲ ಅವುಗಳಲ್ಲೇ ಸಾಗಿದವು. 2020ರ ಮೇ 8ರ ಬೆಳಗಿನ ಜಾವ, ಇದೇ ಮಹಾರಾಷ್ಟ್ರದ ಜಾಲನಾದಿಂದ ಹೊರಟು ಮಧ್ಯಪ್ರದೇಶದ ತಮ್ಮ ಊರುಗಳ ಕಡೆಗೆ ಹಳಿಯ ಗುಂಟ ನಡೆಯುತ್ತಿದ್ದ ಕಾರ್ಮಿಕರು, ಕರ್ಮಾಡದ ಸಮೀಪ ಆಯಾಸದಿಂದ ಹಳಿಯ ಮೇಲೆಯೇ ಮಲಗಿಬಿಟ್ಟಿದ್ದರು. ಸರಕಿನ ಗಾಡಿಯೊಂದು ಬಂತು. ಚಾಲಕನು ಕಂಡು ನಿಲ್ಲಿಸಲು ಪ್ರಯತ್ನಿಸಿದರೂ ಗಾಡಿ ನಿಲ್ಲಲಿಲ್ಲ. ಹದಿನಾರು ಜನ ತೀರಿಕೊಂಡರು. ಅವರು ಕಟ್ಟಿಕೊಂಡಿದ್ದ ರೊಟ್ಟಿಗಳು ಹಳಿಗಳ ನಡುವೆ ಚದುರಿದ್ದ ಚಿತ್ರವನ್ನು ವಾಚಕರಲ್ಲಿ ಬಹಳ ಜನ ನೋಡಿರಬಹುದು. ಪತ್ರಿಕೆಗಳಲ್ಲಿಯೂ ಮನೆಮನೆಗಳಲ್ಲಿಯೂ ಹಳಿಯ ಮೇಲೆ ಯಾರಾದರೂ ಮಲಗುವರೇ ಎಂಬ ಮಾತು ಬಂತು. ಗಾಡಿಗಳೆಲ್ಲ ನಿಂತಿವೆಯೆಂದು ದೇಶವೆಲ್ಲ ಹೇಳುತ್ತಿತ್ತು, ಅವರೂ ಅದನ್ನೇ ನಂಬಿದ್ದಿರಬೇಕು. ಭಯವನ್ನು ಅರಿಯಲು ಬೇಕಾದ ತಿಳಿವಳಿಕೆ ನಮ್ಮಂಥವರಲ್ಲಿತ್ತು, ಅವರಿಗೆ ತಲುಪಿರಲಿಲ್ಲ. ನಾವು ಕಿಟಕಿಯಲ್ಲಿ ನಿಂತು ಹಳಿಯ ಮೌನವನ್ನು ಸವಿಯುತ್ತಿದ್ದವರು, ಅವರು ಅದೇ ಮೌನವನ್ನು ನಂಬಿ ಮಲಗಿದವರು.

ಅರಗಿನ ಮನೆಯ ಕಥೆಯನ್ನು ಬಾಲ್ಯದಲ್ಲಿ ಕೇಳುವಾಗ ಪಾಂಡವರು ಸುರಂಗದಿಂದ ಪಾರಾದರೆಂದು ಸಂತೋಷಪಡುತ್ತೇವೆ. ಅಂದಿನ ರಾತ್ರಿ ಊಟಕ್ಕೆ ಬಂದು ಅಲ್ಲೇ ಮಲಗಿದ ಬೇಡತಿಯೊಬ್ಬಳೂ ಅವಳ ಐವರು ಮಕ್ಕಳೂ ಬೆಂದುಹೋದರೆಂಬುದನ್ನು ಭಾರತ ಮರೆಮಾಚಿಲ್ಲ, ಕೇಳುವ ನಾವು ದಾಟಿಹೋಗುತ್ತೇವೆ.

ಈ ಕಾಲದಲ್ಲಿ ನಮ್ಮವರಲ್ಲಿ ಎರಡು ಮಾತುಗಳು ಪ್ರಚಾರದಲ್ಲಿದ್ದವು. ನಮ್ಮ ಮಡಿ ಮೈಲಿಗೆಗಳನ್ನು ನಕ್ಕವರು ಈಗ ಕೈತೊಳೆಯುತ್ತಿದ್ದಾರೆ, ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂಬುದೊಂದು. ಮಡಿಯು ದೇವರ ಪೂಜೆಗೆ ಅಂಗವಾಗಿ ವಿಹಿತವಾದದ್ದು. ಅದಕ್ಕೆ ರೋಗಾಣುವಿನ ಸಾಕ್ಷ್ಯ ಬೇಕಿಲ್ಲ. ರೋಗಾಣುವಿನ ವಿಷಯಕ್ಕೆ ಅದರ ಸಾಕ್ಷ್ಯವೂ ಸಾಲದು. ಮಡಿಯುಟ್ಟು ನಾಲ್ವರು ಒಂದೇ ಕೋಣೆಯಲ್ಲಿ ಕುಳಿತು ಮಂತ್ರ ಹೇಳಿದರೂ ಗಾಳಿ ಒಂದೇ. ಇನ್ನೊಂದು ಮಾತು, ಗುರುಗಳಿದ್ದಾರೆ, ನಮಗೇನಾಗುತ್ತದೆ ಎಂಬುದು. ಆ ವರ್ಷದ ಶ್ರಾವಣದಲ್ಲಿ ರಾಯರ ಆರಾಧನೆಗೆ ಮೂವತ್ತು ಜನರನ್ನಾದರೂ ಸೇರಿಸೋಣವೆಂದು ಹಳೆಯ ಸ್ನೇಹಿತರೊಬ್ಬರು ಒತ್ತಾಯಿಸಿದರು. ನಾವು ಪಂಢರಾಪುರವನ್ನು ನೆನಪಿಸಿದೆವು. ಲಕ್ಷಾಂತರ ಜನ ನಡೆದು ಹೋಗುವ ಆಷಾಢದ ವಾರಿಯನ್ನು ಬಿಟ್ಟು, ಜ್ಞಾನೇಶ್ವರ ತುಕಾರಾಮರ ಪಾದುಕೆಗಳನ್ನು ಆ ವರ್ಷ ಬಸ್ಸಿನಲ್ಲಿ ಒಯ್ದರು. ಜುಲೈ 1ರ ಏಕಾದಶಿಯಂದು ವಿಠ್ಠಲನು ಭಕ್ತರ ಗುಂಪಿಲ್ಲದೆ ನಿಂತ. ವಾರಕರಿಗಳಿಗೆ ನಮಗಿಂತ ಭಕ್ತಿ ಕಡಿಮೆಯೇ? ನಮ್ಮ ಭಕ್ತಿಯ ಧೈರ್ಯಕ್ಕೆ ಪಣವಾಗುವುದು ನಮ್ಮ ಪ್ರಾಣವೊಂದೇ ಆಗಿದ್ದರೆ ಸ್ನೇಹಿತರ ಮಾತನ್ನು ಒಪ್ಪಬಹುದಿತ್ತು. ಮೂವತ್ತು ಜನರ ಹಿಂದೆ ಮೂವತ್ತು ಮನೆಗಳು, ಪ್ರತಿ ಮನೆಯಲ್ಲೂ ಒಬ್ಬೊಬ್ಬ ವೃದ್ಧರು. ತಾಮಸ ಕರ್ಮವನ್ನು ಹೇಳುವಾಗ ಗೀತೆಯು ಪರಿಣಾಮ, ನಷ್ಟ, ಹಿಂಸೆ, ತನ್ನ ಸಾಮರ್ಥ್ಯ ಇವುಗಳನ್ನು ಲೆಕ್ಕಿಸದೆ ತೊಡಗುವುದೆಂದು ಹೇಳಿದೆ. ಅಲ್ಲಿ ಹಿಂಸೆಯೆಂಬ ಪದವಿದೆ ಎಂಬುದನ್ನು ನಾವು ಅವರಿಗೆ ತೋರಿಸಿದೆವು. ಸ್ನೇಹಿತರು ಆರು ತಿಂಗಳು ನಮ್ಮೊಡನೆ ಮಾತನಾಡಲಿಲ್ಲ.

ತನ್ನ ಪ್ರಾಣದ ಮೇಲಿನ ಧೈರ್ಯಕ್ಕೆ ಈ ಮುಂಬಯಿಯಲ್ಲೇ ಒಂದು ಉದಾಹರಣೆಯುಂಟು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾ. ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಮುಂದಿನ ಜನವರಿ 10ರಂದು ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನ್ನ ದೇಹಕ್ಕೇ ಚುಚ್ಚಿಸಿಕೊಂಡರು. 2020ರಲ್ಲಿ ಸರಕಾರಗಳು ಹೊರತೆಗೆದ ಸಾಂಕ್ರಾಮಿಕ ರೋಗಗಳ ಕಾಯಿದೆ ಆ 1897ರದೇ. ಮೈಸೂರು ಸೀಮೆಯಲ್ಲಿ ಪ್ಲೇಗು ಬಂದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಸಂಗತಿಯನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. ಊರಲ್ಲೇ ಉಳಿದ ಒಬ್ಬಾಕೆಯ ಬಗ್ಗೆಯೂ ಹೇಳುತ್ತಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರಲೊಲ್ಲದವಳು. ಅವಳು ಏನಾದಳೆಂದು ನಾವು ಎಂದೂ ಕೇಳಲಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. 2021ರ ಏಪ್ರಿಲ್ ತಿಂಗಳು. ರೋಗದ ಎರಡನೆಯ ಅಲೆ ಮೊದಲಿನದಕ್ಕಿಂತ ಘೋರವಾಗಿತ್ತು. ನಮ್ಮಿಬ್ಬರಿಗೂ ಒಂದೊಂದು ಚುಚ್ಚುಮದ್ದು ಮಾತ್ರ ಆಗಿತ್ತು. ಎದುರು ಮನೆಯ ಮರಾಠಿ ಆಜಿಗೆ ಎಪ್ಪತ್ತೆಂಟು ವರ್ಷ, ಒಂಟಿ, ಮಗ ಹೊರದೇಶದಲ್ಲಿ. ಜ್ವರ ಬಂದು ಮೂರನೆಯ ದಿನ ಆಕೆಗೆ ಉಸಿರು ಕಟ್ಟತೊಡಗಿತು. ವಾರ್ಡಿನ ವಾರ್ ರೂಮಿಗೆ ದೂರವಾಣಿ ಮಾಡಿ ಹಾಸಿಗೆಗೆ ಹೆಸರು ಬರೆಸಿದೆವು. ಆದರೆ ಆಜಿ ಆಸ್ಪತ್ರೆಯೆಂದರೆ ಒಲ್ಲೆನೆಂದರು. ಅದಕ್ಕೆ ಕಾರಣವಿಲ್ಲದಿರಲಿಲ್ಲ. ಹಿಂದಿನ ತಿಂಗಳ 25ರ ನಡುರಾತ್ರಿ ಭಾಂಡುಪ್‌ನ ಮಾಲೊಂದರಲ್ಲಿದ್ದ ಆಸ್ಪತ್ರೆಗೆ ಬೆಂಕಿಯ ಹೊಗೆ ತುಂಬಿ, ರೋಗದಿಂದ ಉಳಿಯಲೆಂದು ಸೇರಿದ್ದ ಹಲವರು ಪ್ರಾಣ ಬಿಟ್ಟಿದ್ದರು. ಆ ರಾತ್ರಿಯ ಗಂಟೆಗಳ ಸದ್ದನ್ನು ಆಜಿಯೂ ಕೇಳಿದ್ದರು, ನಾವೂ ಕೇಳಿದ್ದೆವು. ಮನೆಯಲ್ಲಿ ಭಯ, ಆಸ್ಪತ್ರೆಯಲ್ಲಿ ಭಯ. ಎರಡರ ನಡುವೆ ಮುದುಕಿಯೊಬ್ಬಳು ಬಾಗಿಲ ಚಿಲಕ ತೆಗೆದಿಟ್ಟು ಮಲಗಿದ್ದಳು.

ಯಾರಾದರೂ ಒಳಗೆ ಹೋಗಬೇಕಿತ್ತು. ಆಜಿಯನ್ನು ಎಬ್ಬಿಸಿ ಕೂಡಿಸಬೇಕು, ಗಂಜಿ ಕುಡಿಸಬೇಕು, ಬೆರಳಿಗೆ ಆಮ್ಲಜನಕದ ಯಂತ್ರ ಸಿಕ್ಕಿಸಿ ನೋಡಬೇಕು, ಆಂಬುಲೆನ್ಸ್ ಬರುವವರೆಗೆ ಮನಸ್ಸು ತಿರುಗಿಸಬೇಕು. ನಮ್ಮ ಗೃಹಿಣಿ ಎರಡು ಮಾಸ್ಕುಗಳನ್ನು ಕೈಯಲ್ಲಿ ಹಿಡಿದು ನಮ್ಮೆದುರು ಬಂದು ನಿಂತಳು.

“ಹೋಗಿ ಬರಲೇ? ನನಗೆ ತಗುಲಿದರೆ ನಿಮಗೂ ತಗುಲುತ್ತದೆ. ಅದಕ್ಕೇ ಕೇಳುತ್ತಿದ್ದೇನೆ” ಎಂದಳು.

ಅರ್ಥಾತ್, ಪರರ ಪ್ರಾಣವನ್ನು ಪಣಕ್ಕಿಡುವ ಹಕ್ಕು ತನಗಿಲ್ಲವೆಂಬ ನಮ್ಮ ಉಪನ್ಯಾಸವನ್ನು ಆಕೆ ನಮಗಿಂತ ಚೆನ್ನಾಗಿ ತಿಳಿದಿದ್ದಳು. ಹೋಗು ಎಂದರೆ ಅದು ಒಂದು ಉತ್ತರ. ಬೇಡ, ನನಗೆ ಭಯವಾಗುತ್ತಿದೆ ಎಂದರೆ ಅದೂ ಒಂದು ಉತ್ತರ. ನಾವು ಹೇಳಿದ್ದು “ನೋಡು” ಎಂದು.

ಈ ಒಂದು ಪದವನ್ನು ಕುರಿತು ನಾವು ಆಮೇಲೆ ಚಿಂತಿಸಿದಷ್ಟು ಯಾವ ಶ್ರುತಿವಾಕ್ಯವನ್ನೂ ಚಿಂತಿಸಿಲ್ಲ. ರೈಲ್ವೆಯಲ್ಲಿ ಒಂದು ಸ್ಟೇಷನ್ನಿನಿಂದ ಗಾಡಿ ಬಿಡುವ ಮೊದಲು ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆಯಬೇಕು. ಕೇಳಿದವನೂ ಕೊಟ್ಟವನೂ ಅದನ್ನು ದಾಖಲೆ ಮಾಡುತ್ತಾರೆ. ಆ ಕಡೆಯವನು ಸುಮ್ಮನಿದ್ದನು, ಒಪ್ಪಿದಂತೆ ಕಾಣುತ್ತದೆ ಎಂದು ಯಾವ ಸ್ಟೇಷನ್ ಮಾಸ್ತರನೂ ಗಾಡಿ ಬಿಡುವುದಿಲ್ಲ. ಬಿಟ್ಟರೆ ಅವನ ನೌಕರಿ ಹೋಗುತ್ತದೆ. ಹಾಗೆ ಅಸ್ಪಷ್ಟವಾಗಿ ಮಾತನಾಡಿದವರ ಮೇಲೆ ನಾವೇ ಆಪಾದನಾ ಪತ್ರಗಳನ್ನು ಬರೆದಿದ್ದೇವೆ. 'ನೋಡು' ಎಂದಾಗ ಆಕೆ ಹೋದರೆ ಹೋದದ್ದು ಅವಳ ಇಷ್ಟ, ಹೋಗದಿದ್ದರೆ ನಾವು ತಡೆದವರಲ್ಲ. ರೋಗ ತಗುಲಿದರೆ ದೋಷ ಅವಳದು, ಆಜಿ ಉಳಿದರೆ ಪುಣ್ಯದಲ್ಲಿ ನಮಗೂ ಪಾಲು. ಇಷ್ಟನ್ನೂ ಎರಡು ಅಕ್ಷರಗಳಲ್ಲಿ ಅಡಗಿಸಿ ನಾವು ಕಟ್ಟೆಮನೆಯಲ್ಲಿ ಕುಳಿತೆವು. ಕಟ್ಟೆಯಿಂದ ಕಟ್ಟೆಗೇ ನಡೆಯುತ್ತಿದ್ದವಳು ಬಯಲಿಗೆ ಇಳಿದಳು.

ಎರಡು ಗಂಟೆಗಳ ಕಾಲ ಆಕೆ ಅಲ್ಲಿದ್ದಳು. ಆಜಿಯನ್ನು ಹೇಗೆ ಒಪ್ಪಿಸಿದಳೋ ತಿಳಿಯದು. ಮುಲುಂಡಿನ ಕೋವಿಡ್ ಕೇಂದ್ರದಲ್ಲಿ ಹಾಸಿಗೆ ಸಿಕ್ಕಿತು. ಹದಿಮೂರನೆಯ ದಿನ ಆಜಿ ಮನೆಗೆ ಬಂದರು, ಅರ್ಧ ಆಳಾಗಿ, ಆದರೆ ಬಂದರು. ಅಷ್ಟರಲ್ಲಿ ನಮ್ಮ ಗೃಹಿಣಿಗೆ ಜ್ವರ ಬಂದು ಹೋಗಿತ್ತು. ಒಳಕೋಣೆಯಲ್ಲಿ ಒಬ್ಬಳೇ ಇದ್ದಳು. ನಾವು ಅನ್ನ ಮಾಡಿ ಬಾಗಿಲಿನಲ್ಲಿಟ್ಟು ಹಿಂದೆ ಸರಿಯುತ್ತಿದ್ದೆವು. ಆಕೆ ಬಾಗಿಲು ತೆರೆದು ಸಾರಿನ ವಾಸನೆಯೇ ಬರುವುದಿಲ್ಲವೆನ್ನುತ್ತಿದ್ದಳು. ನಮ್ಮ ಸಾರಿಗೆ ಅದು ಉಪಕಾರವೇ ಆಯಿತೆಂದು ನಕ್ಕಳು ಕೂಡ. ನಮಗೆ ರೋಗ ತಗುಲಲಿಲ್ಲ.

ಆಕೆ ಮಾಡಿದ್ದು ಸಾಹಸವೋ ಧರ್ಮವೋ ಎಂದು ತೂಗಿ ನೋಡಿದ್ದೇವೆ. ಆಜಿಯ ಮನೆಯ ಬಾಗಿಲಿನೊಳಗೆ ಹೋದದ್ದು ಉಷಸ್ತಿಯ ಕಾಳಿನಂತೆ ಅನಿವಾರ್ಯವೆಂದು ನಮಗೆ ತೋರುತ್ತದೆ. ಆದರೆ ಆಕೆ ತೀರಿಕೊಂಡಿದ್ದರೆ ಹೀಗೆ ಬರೆಯುತ್ತಿದ್ದೆವೇ ಎಂದು ಕೇಳಿಕೊಂಡಾಗ ಲೇಖನಿ ನಿಲ್ಲುತ್ತದೆ. ಫಲವನ್ನು ನೋಡಿ ಕರ್ಮವನ್ನು ಅಳೆಯಬಾರದೆಂಬುದು ಬಾಯಿಗೆ ಬರುವ ಮಾತು. ಫಲ ಚೆನ್ನಾಗಿ ಬಂದವರ ಬಾಯಿಗೆ ಅದು ಬಹು ಸುಲಭವಾಗಿ ಬರುತ್ತದೆ. ಹೆದರಿದ್ದಕ್ಕಾಗಿ ನಮ್ಮನ್ನು ನಾವು ನಿಂದಿಸಿಕೊಳ್ಳುವುದಿಲ್ಲ, ಅರುವತ್ತು ದಾಟಿದವನಿಗೆ ಆ ತಿಂಗಳು ಹೆದರಿಕೆ ಸಹಜವೇ ಆಗಿತ್ತು. ಹೆದರಿದ್ದೇನೆಂದು ಹೇಳದೆ ಹೋದದ್ದು ಮಾತ್ರ ಇಂದಿಗೂ ಚುಚ್ಚುತ್ತದೆ. ಗೀತೆಯು ತಾಮಸ ಧೃತಿಯನ್ನು ಹೇಳುವಲ್ಲಿ ಭಯವನ್ನೂ ಮದವನ್ನೂ ಒಂದೇ ಸಾಲಿನಲ್ಲಿ ಏಕೆ ಪೋಣಿಸಿತೆಂಬುದು ನಮಗೆ ವ್ಯಾಖ್ಯಾನಗಳಿಂದ ಹೊಳೆದಿರಲಿಲ್ಲ.

ಆ ವರ್ಷದ ಆಗಸ್ಟ್ 15ರಿಂದ ಎರಡೂ ಚುಚ್ಚುಮದ್ದು ಆದವರಿಗೆ ಲೋಕಲ್ ಪ್ರಯಾಣಕ್ಕೆ ಅವಕಾಶ ಸಿಕ್ಕಿತು. ಬೆಳಗಿನ ಗಾಡಿಗಳ ಸದ್ದು ಮರಳಿತು. ಈ ಲೇಖನವನ್ನು ಕಳುಹಿಸುವ ಮೊದಲು ಆಕೆಗೆ ಓದಿ ಹೇಳಿದೆವು. 'ನೋಡು' ಎಂದಿದ್ದು ತನಗೆ ನೆನಪೇ ಇಲ್ಲವೆಂದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಮತ್ತೆ ಬಂದು, “ಆಜಿಯ ಮನೆಯ ಚಿಲಕ ಮುಟ್ಟುವಾಗ ನನ್ನ ಕೈ ನಡುಗುತ್ತಿತ್ತು. ಅದನ್ನೂ ಬರೆಯಿರಿ” ಎಂದಳು.